ಮಸ್ಕತ್ ಅಂದವಳು ನಾನು

ಒಮಾನ್ ದೇಶದಲ್ಲಿ ಕೆಲಸ ಸಿಕ್ಕಿದಾಗ ನಮ್ಮ ಮುಂದೆ ಎರಡು ಊರುಗಳಿದ್ದವು. ಮಸ್ಕತ್ ಮತ್ತು ಸಲಾಲಾ. ಒಂದೇ ಆಸ್ಪತ್ರೆಯ ಎರಡು ಶಾಖೆ, ಒಂದೊಂದರಲ್ಲಿ ಒಂದೊಂದು ನರ್ಸ್ ಹುದ್ದೆ. ಹೋಗಬೇಕಾದವರೂ ಇಬ್ಬರೇ. ನಾನು, ಮತ್ತು ಹಂಗಳದ ನನ್ನ ಗೆಳತಿ. ಅವಳ ಗಂಡ ಆಗಲೇ ಎರಡು ವರ್ಷದಿಂದ ಮಸ್ಕತ್‌ನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದ. ಹಾಗಾಗಿ ಮಸ್ಕತ್ ಅವಳಿಗೆ, ಸಲಾಲಾ ನನಗೆ. ಇದರಲ್ಲಿ ಕೂತು ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ.

ಆದರೂ ಮಸ್ಕತ್‌ಗೆ ಹೋದವಳು ನಾನು. ಅದು ಹೇಗಾಯಿತು ಎಂದು ಬಹಳ ವರ್ಷ ಯಾರಿಗೂ ಹೇಳಲಿಲ್ಲ.

ನಮ್ಮೂರು ಹರದನಹಳ್ಳಿ. ಅಪ್ಪ ಬಾಳೆ, ಅರಿಸಿನ ಬೆಳೆಯುತ್ತಿದ್ದರು. ಅವಳ ಅಪ್ಪನಿಗೆ ಕಾಡಂಚಿನಲ್ಲಿ ಅರ್ಧ ಎಕರೆ ಇತ್ತು. ಉಳಿದ ದಿನ ಬೇರೆಯವರ ಹೊಲದಲ್ಲಿ ಕೂಲಿ. ಚಾಮರಾಜನಗರದಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲಿನ ಒಂದೇ ಕೋಣೆ ನಮಗೆ ಸಿಕ್ಕಿತು. ಅವಳು ನನಗಿಂತ ಚುರುಕು. ಮೂಳೆಗೆ ಅಂಟಿದ ಚರ್ಮದ ಮುದುಕರ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ನಾನು ಎರಡು ಸಲ ಚುಚ್ಚಿ ಬೆವರುವಾಗ ಪಕ್ಕಕ್ಕೆ ಬಂದು, "ಸರಿ ಅತ್ಲಾಗ" ಎಂದು ಮೊಣಕೈಯಿಂದ ತಳ್ಳಿ ಸೂಜಿ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಸಿಸ್ಟರ್ ಕೇಳಿದರೆ ಹಾಕಿದ್ದು ಇವಳೇ ಎಂದು ನನ್ನನ್ನು ತೋರಿಸುತ್ತಿದ್ದಳು.

ರಜೆಯಲ್ಲಿ ಒಮ್ಮೆ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ಅವ್ವ ಕಾಫಿ ಕೊಟ್ಟರು. ನನಗೆ ಒಳಗಿನ ಲೋಟದಲ್ಲಿ, ಅವಳಿಗೆ ಹಿತ್ತಲ ಗೂಡಿನಲ್ಲಿ ಬೇರೆ ಇಟ್ಟಿರುತ್ತಿದ್ದ ಲೋಟದಲ್ಲಿ. ಕೂಲಿಯವರಿಗೆಂದು ಇದ್ದ ಲೋಟ ಅದು. ಅವಳು ಎರಡೂ ಲೋಟಗಳನ್ನು ನೋಡಿದಳು, ಕುಡಿದಳು, ಹಿತ್ತಲಿಗೆ ಹೋಗಿ ತಾನೇ ತೊಳೆದು ಗೂಡಿನಲ್ಲಿಟ್ಟು ಬಂದಳು. ನಾನು ಏನೂ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು ಬೇರೇನೋ ವಿಷಯ ತೆಗೆದು ನಗಿಸಿದಳು. ಸುಮ್ಮನಿದ್ದರೆ ಎಲ್ಲ ಹಾಗೇ ದಾಟಿ ಹೋಗುತ್ತದೆ ಎಂಬುದು ನನಗೆ ಆಗಲೇ ಅಭ್ಯಾಸವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಓದು ಮುಗಿದ ಮೇಲೆ ಇಬ್ಬರೂ ಚಾಮರಾಜನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಸೇರಿದೆವು. ಅವಳಿಗೆ ಗುಂಡ್ಲುಪೇಟೆಯ ಹುಡುಗನೊಂದಿಗೆ ಮದುವೆಯಾಯಿತು. ಮದುವೆಯಾಗಿ ಮೂರು ತಿಂಗಳಿಗೆ ಅವನು ಮಸ್ಕತ್‌ಗೆ ಹೋದ. ತಾನೂ ಅಲ್ಲಿಗೆ ಹೋಗಬೇಕು ಎನ್ನುವುದೊಂದೇ ಆಮೇಲೆ ಅವಳ ಗುರಿ. ಅಲ್ಲಿ ನರ್ಸ್ ಆಗಲು ಒಂದು ಪರೀಕ್ಷೆ ಪಾಸು ಮಾಡಬೇಕಿತ್ತು. ಆ ಗುರಿಗೆ ನನ್ನನ್ನೂ ಕಟ್ಟಿಕೊಂಡಳು. "ಒಬ್ಬಳೇ ಪರೀಕ್ಷೆ ಬರಿಯಕ ನಂಗ ಭಯ ಕಣಮ್ಮಿ, ನೀನೂ ಬಾ" ಎಂದಳು. ಭಯ ಅವಳಿಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಕಡೆ, ಕೊಲ್ಲಿ ದೇಶಗಳಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದು ಬಂದ ಮಲಯಾಳಿ ಹೆಂಗಸೊಬ್ಬರಿದ್ದರು. ಅವರ ಗಂಡ ನಮ್ಮ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿಸುತ್ತಿದ್ದರು. ನಾವು ಅವರನ್ನು ಅವರ ಭಾಷೆಯಲ್ಲೇ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆವು. ಭಾನುವಾರ ಭಾನುವಾರ ಅವರ ಮನೆಗೆ ಹೋಗಿ ಪರೀಕ್ಷೆಗೆ ಹೇಳಿಸಿಕೊಳ್ಳುತ್ತಿದ್ದೆವು. ಅವರು ಇಂಗ್ಲಿಷು, ಮಲಯಾಳ, ಕನ್ನಡ ಮೂರನ್ನೂ ಕಲಸಿ ಪಾಠ ಮಾಡುತ್ತಿದ್ದರು. ನಮ್ಮನ್ನು ಮೋಳೆ, ಅಂದರೆ ಮಗಳೇ, ಎನ್ನುತ್ತಿದ್ದರು. ತಪ್ಪಿದರೆ "ಅಯ್ಯೋ ಮೋಳೆ, ಪೇಷಂಟ್ ಸತ್ತೋಯ್ತು!" ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಪರೀಕ್ಷೆ ಇಬ್ಬರದೂ ಪಾಸಾಯಿತು. ಮೈಸೂರಿನ ಒಂದು ಹೋಟೆಲಿನಲ್ಲಿ ಸಂದರ್ಶನವೂ ಆಯಿತು. ಊರು ಯಾವುದೆಂದು ಆಮೇಲೆ ಫೋನ್ ಮಾಡಿ ಕೇಳುತ್ತೇವೆ ಎಂದರು. ನಮ್ಮ ಫೋನುಗಳಿಗೆ ಹೊರದೇಶದ ಕರೆ ಸರಿಯಾಗಿ ಬರುತ್ತಿರಲಿಲ್ಲವೆಂದು ಚೇಚಿಯ ನಂಬರನ್ನೇ ಕೊಟ್ಟಿದ್ದೆವು.

ಆ ವಾರಗಳಲ್ಲಿ ನಾನು ಮೊಬೈಲಿನಲ್ಲಿ ಎರಡೂ ಊರುಗಳನ್ನು ನೋಡುತ್ತಿದ್ದೆ. ಸಲಾಲಾದ ವಿಡಿಯೋ ಹಾಕಿದರೆ ತೆಂಗಿನ ಮರ, ಬಾಳೆ ತೋಟ, ರಸ್ತೆ ಬದಿಯಲ್ಲಿ ಎಳನೀರು ಮಾರುವವರು. ಮಳೆಗಾಲದಲ್ಲಿ ಜಿಟಿಜಿಟಿ ಮಳೆ, ಮಂಜು, ಹಸಿರು ಗುಡ್ಡ. ಅರಬರು ಅದನ್ನು ನೋಡಲೆಂದೇ ಎಲ್ಲೆಲ್ಲಿಂದಲೋ ಕಾರು ಕಟ್ಟಿಕೊಂಡು ಬರುತ್ತಿದ್ದರು. ಗೋಪಾಲಸ್ವಾಮಿ ಬೆಟ್ಟವನ್ನು ಕಂಡವಳಿಗೆ ಅದರಲ್ಲಿ ನೋಡುವುದೇನು? ಅಪ್ಪನ ಬಾಳೆ ತೋಟ ಬಿಟ್ಟು ಸಮುದ್ರ ದಾಟಿ ಹೋಗಿ ಮತ್ತೆ ಬಾಳೆ ತೋಟದ ಮುಂದೆ ಇಳಿಯಬೇಕೇ ಎನ್ನಿಸಿತು. ಮಸ್ಕತ್ ಬೇರೆ ಥರ ಇತ್ತು. ಕಡಲ ದಂಡೆ ಸುತ್ತಿಕೊಂಡ ರಸ್ತೆ, ಒಂದೇ ಎತ್ತರದ ಬಿಳಿ ಮನೆಗಳು, ಅವುಗಳ ಹಿಂದೆ ಒಂದು ಗಿಡವೂ ಇಲ್ಲದ ಬೆಟ್ಟ. ಶಿವನ ಗುಡಿ ಇದೆ, ಕನ್ನಡದವರ ಸಂಘ ಇದೆ, ಬೆಂಗಳೂರಿಗೆ ನೇರ ವಿಮಾನ ಇದೆ. ಇವೆಲ್ಲ ನಾನು ಆಮೇಲೆ ಪೋಣಿಸಿಕೊಂಡ ಕಾರಣಗಳು. ನಿಜ ಹೇಳಬೇಕೆಂದರೆ ಆ ಬಿಳಿ ಮನೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ನಮ್ಮೂರಿನವರಿಗೆ ಕಳಿಸಬೇಕು ಎಂಬ ಆಸೆ ಹುಟ್ಟಿತ್ತು. ಅಷ್ಟೇ ಸಣ್ಣ ಆಸೆ.

ಒಂದು ಭಾನುವಾರ ಬೆಳಿಗ್ಗೆ ಚೇಚಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಚೇಚಿ ಮತ್ತು ಅವರ ಗಂಡ ಚರ್ಚಿಗೆ ಹೋಗಿದ್ದರು. ಕರೆ ಬಂದರೆ ಇರಲಿ ಎಂದು ತಮ್ಮ ಫೋನನ್ನು ನಮ್ಮ ಕೈಗೇ ಕೊಟ್ಟಿದ್ದರು. ಗೆಳತಿ ತನ್ನ ಮದುವೆಯ ಸರ್ಟಿಫಿಕೇಟ್ ತಂದಿದ್ದಳು. ಗಂಡ ಮಸ್ಕತ್‌ನಲ್ಲಿದ್ದಾನೆ ಎನ್ನುವುದಕ್ಕೆ ದಾಖಲೆ ಕೇಳಿದರೆ ಕೊಡಬೇಕಲ್ಲ ಎಂದು ಅದರ ಜೆರಾಕ್ಸ್ ಮಾಡಿಸಲು ಬಸ್ ಸ್ಟ್ಯಾಂಡಿನ ಕಡೆ ಹೋದಳು. "ಫೋನ್ ಬಂದ್ರ ಎಲ್ಡ್ ನಿಮ್ಸ ಇರಕ್ಕೇಳು, ಓಡ್ ಬಂದ್ಬುಡ್ತೀನಿ" ಎಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದಳು.

ಅವಳು ಹೋಗಿ ಹತ್ತು ನಿಮಿಷಕ್ಕೆ ಫೋನ್ ಬಂತು. ಆಸ್ಪತ್ರೆಯ ಕಚೇರಿಯ ಹೆಂಗಸು. ನನ್ನ ಹೆಸರು ಕೇಳಿದರು, ಹೇಳಿದೆ. ಒಂದು ಮಸ್ಕತ್, ಒಂದು ಸಲಾಲಾ; ನಿನಗೆ ಯಾವುದು ಎಂದು ಕೇಳಿದರು.

ಎರಡು ನಿಮಿಷ ಇರಿ ಎನ್ನಬಹುದಿತ್ತು. ನಾನು "ಮಸ್ಕತ್" ಎಂದೆ.

ಇನ್ನೊಬ್ಬಳಿಗೆ ಸಲಾಲಾ ಆಗಬಹುದೇ ಎಂದು ಅವರು ಕೇಳಿದರು. ಆಗಬಹುದು ಎಂದೆ. ಅವರು ಥ್ಯಾಂಕ್ಸ್ ಹೇಳಿ ಇಟ್ಟರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಕೂಡಲೇ ತಿರುಗಿ ಅದೇ ನಂಬರಿಗೆ ಫೋನ್ ಮಾಡಿ ತಪ್ಪಾಯಿತು ಎನ್ನಬೇಕು ಎಂದುಕೊಂಡೆ. ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಅವಳು ಬಿಸಿಲಲ್ಲಿ ನಡೆದು ಬಂದು ಬೆವತಿದ್ದಳು. ಕಾಗದಗಳನ್ನು ಮುದುರದಂತೆ ಎದೆಗೆ ಹಿಡಿದಿದ್ದಳು.

"ಬಂದಿತ್ತಾ?"

"ಬಂದಿತ್ತು ಕಣಮ್ಮಿ. ಅವ್ರೇ ಹಾಕ್ಬುಟ್ಟವ್ರೆ. ನಂಗ ಮಸ್ಕತ್, ನಿಂಗ ಸಲಾಲಾ."

ಅವಳ ಮುಖ ಒಮ್ಮೆಗೇ ಚಿಕ್ಕದಾಯಿತು. "ನನ್ ಗಂಡ ಅಲ್ಲವ್ನೆ ಅಂತ ಏಳ್ಲಿಲ್ವಾ?"

"ಏಳ್ದೆ. ಆಗಲ್ಲ ಅಂದ್ರು."

"ಇನ್ನೊಂದ್ ಸಾರಿ ಮಾಡಿ ಕೇಳನ್ವಾ?"

"ಬ್ಯಾಡ. ಜಾಸ್ತಿ ಕೇಳುದ್ರ ಎಲ್ಡೂ ಕ್ಯಾನ್ಸಲ್ ಆಯ್ತವೆ ಅಂದ್ರು."

ಅದೂ ಸುಳ್ಳು. ಒಂದರ ಹಿಂದೆ ಒಂದು ಎಷ್ಟು ಸಲೀಸಾಗಿ ಬಂದವೆಂದು ನನಗೇ ಆಶ್ಚರ್ಯ. ಅವಳು ಕುರ್ಚಿಯ ಮೇಲೆ ಕೂತು, ಆ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು, "ಓಗ್ಲಿ ಬುಡು. ಒಂದೇ ದೇಸ ತಾನೆ" ಎಂದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳಂತೆ, "ನೀನ್ ಯಾಕ ಮೊಕ ಇಳುಸ್ಕಂಡಿದ್ದಯ್ಯೆ? ನಿನ್ ತಪ್ಪಾ ಇದು?" ಎಂದಳು. ಚೇಚಿ ಬಂದಾಗಲೂ, ಊರುಗಳನ್ನು ಆಸ್ಪತ್ರೆಯವರೇ ಹಾಕಿಬಿಟ್ಟರಂತೆ ಎಂದು ಅವಳೇ ಹೇಳಿದಳು. ಚೇಚಿ ನನ್ನ ಕಡೆ ಒಂದು ಸಲ ನೋಡಿದರು. ಇಪ್ಪತ್ತು ವರ್ಷ ಅಂಥ ಕಚೇರಿಗಳನ್ನು ಕಂಡವರು ಅವರು. ಸೀದಾ ಅಡುಗೆ ಮನೆಗೆ ಹೋದರು.

ಇಬ್ಬರೂ ಒಂದೇ ವಿಮಾನದಲ್ಲಿ ಮಸ್ಕತ್‌ಗೆ ಇಳಿದೆವು. ಅವಳು ಅಲ್ಲಿಂದ ಸಲಾಲಾಗೆ ಇನ್ನೊಂದು ವಿಮಾನ ಹತ್ತಬೇಕಿತ್ತು. ನಡುವೆ ಎರಡು ತಾಸು ಇತ್ತು. ಅವಳ ಗಂಡ ಕೆಲಸದ ನೀಲಿ ಬಟ್ಟೆಯಲ್ಲೇ ಓಡಿ ಬಂದಿದ್ದ. ಮೇಸ್ತ್ರಿಯ ಹತ್ತಿರ ಅರ್ಧ ದಿನ ಬೇಡಿಕೊಂಡು ಬಂದನಂತೆ. ಎರಡು ವರ್ಷದ ಮೇಲೆ ಹೆಂಡತಿಯನ್ನು ನೋಡುತ್ತಿದ್ದವನು, ಜನರ ಮಧ್ಯೆ ಏನು ಮಾಡಬೇಕೆಂದು ತಿಳಿಯದೆ ಅವಳ ಕೈಚೀಲ ಇಸಿದುಕೊಂಡು ನಿಂತ. ಅವಳು ಅವನ ಅಂಗಿಯ ತೋಳಿನಲ್ಲಿದ್ದ ಗ್ರೀಸ್ ಕಲೆಯನ್ನು ಬೆರಳಿನಿಂದ ಉಜ್ಜುತ್ತಿದ್ದಳು. ನಾನು ಸ್ವಲ್ಪ ದೂರದಲ್ಲಿ ಬೆನ್ನು ಹಾಕಿ ನಿಂತೆ.

ಹೊತ್ತಾದ ಮೇಲೆ ಅವಳು ಒಳಗೆ ಹೋದಳು. ಹೋಗುವಾಗ ಗಂಡನಿಗೆ, "ಅವ್ಳ್ ಪೆಟ್ಗೆ ಭಾರ ಅದ, ವ್ಯಾನ್ ಗಂಟ ಇಡ್ಕಬುಡಿ" ಎಂದು ನನ್ನನ್ನು ತೋರಿಸಿ ಹೇಳಿದಳು. ಅವನು ನನ್ನ ಪೆಟ್ಟಿಗೆ ಎತ್ತಿಕೊಂಡು ಆಸ್ಪತ್ರೆಯ ವ್ಯಾನಿನವರೆಗೆ ಬಂದ. "ಅಕ್ಕ, ಏನಾರ ಬೇಕಾದ್ರ ಫೋನ್ ಮಾಡಿ" ಎಂದ. ಅವತ್ತು ಆ ವ್ಯಾನು ಹತ್ತಿ ಹೋಗಬೇಕಾದವಳು ಯಾರು ಎನ್ನುವುದು ನನ್ನೊಬ್ಬಳಿಗೇ ಗೊತ್ತಿತ್ತು.

ಮಸ್ಕತ್ ನಾನು ನೆನೆಸಿದ್ದ ಹಾಗೇ ಇತ್ತು. ಇದನ್ನೂ ಒಪ್ಪಿಕೊಳ್ಳಬೇಕು. ಕಡಲ ದಂಡೆಯಲ್ಲಿ ಫೋಟೋ ತೆಗೆಸಿಕೊಂಡೆ, ಊರಿಗೆ ಕಳಿಸಿದೆ. ಒಳ್ಳೆಯ ವಾರ್ಡು ಸಿಕ್ಕಿತು. ನನ್ನ ಜೊತೆ ಕೋಣೆಯಲ್ಲಿದ್ದ ಫಿಲಿಪೈನ್ಸಿನ ಹುಡುಗಿ ಈಜು ಕಲಿಸಿದಳು. ನಾನು ಸುಖವಾಗಿದ್ದೆ.

ಸಲಾಲಾದಿಂದ ಗೆಳತಿ ವಾರಕ್ಕೆರಡು ಸಲ ವಿಡಿಯೋ ಕಾಲ್ ಮಾಡುತ್ತಿದ್ದಳು. ಮಸ್ಕತ್‌ನಿಂದ ಅಲ್ಲಿಗೆ ಬಸ್ಸಿನಲ್ಲಿ ಹನ್ನೆರಡು ಗಂಟೆ, ದಾರಿಯುದ್ದಕ್ಕೂ ಮರಳು. ಗಂಡನಿಗೆ ಸಿಗುತ್ತಿದ್ದುದು ಶುಕ್ರವಾರ ಒಂದೇ ರಜ. ಹೋಗಿ ಬರಲು ಅದು ಸಾಲದು. ಅವಳ ಪಾಳಿಯೂ ಅವನ ರಜವೂ ಹೊಂದಬೇಕು. ಹಾಗಾಗಿ ಹಬ್ಬದ ರಜೆಗಳಲ್ಲಿ ಮಾತ್ರ ಗಂಡ ಹೆಂಡತಿ ಕೂಡುತ್ತಿದ್ದರು. ಅವಳು ನನ್ನ ಹತ್ತಿರ ಗೊಣಗಿದ್ದು ಕಡಿಮೆ. "ಇಲ್ಲಿ ಬಾಳೆಹಣ್ಣು ನಮ್ಮೂರ್ ಥರವೇ ಅವೆ ಕಣಮ್ಮಿ" ಎಂದು ಸಿಪ್ಪೆ ಸುಲಿದು ತೋರಿಸುತ್ತಿದ್ದಳು.

ಒಂದು ವರ್ಷ ಕಳೆದ ಮೇಲೆ ಒಂದು ದಾರಿ ತೆರೆಯಿತು. ಎರಡು ಶಾಖೆಯ ಇಬ್ಬರು ನರ್ಸುಗಳು ಒಪ್ಪಿ ಬರೆದುಕೊಟ್ಟರೆ ಜಾಗ ಅದಲು ಬದಲು ಮಾಡಿಕೊಳ್ಳಬಹುದು ಎಂದು ಆಸ್ಪತ್ರೆಯವರು ತಿಳಿಸಿದರು. ಅವಳು ಅದೇ ದಿನ ತನ್ನ ಫಾರಂ ತುಂಬಿದಳು. ಒಂದು ಶುಕ್ರವಾರ ಅವಳ ಗಂಡ ನಮ್ಮ ಹಾಸ್ಟೆಲಿನ ಗೇಟಿಗೆ ಬಂದ. ಒಳಗೆ ಬಿಡುವುದಿಲ್ಲವಾದ್ದರಿಂದ ಬಿಸಿಲಲ್ಲಿ ಗೋಡೆಯ ಪಕ್ಕ ನಿಂತಿದ್ದ.

"ಅಕ್ಕ, ಅವಳು ಫಾರಂ ಕೊಟ್ಟವ್ಳೆ. ನೀವೂ ಒಂದ್ ಸೈನ್ ಆಕ್ಬುಟ್ರ ಆಯ್ತದಂತೆ. ನಿಮ್ಗ ತೊಂದ್ರೆ ಅಂತ ಗೊತ್ತು. ಬಲವಂತ ಇಲ್ಲ."

"ಆಕ್ತೀನಿ" ಎಂದೆ. "ಮೇಡಮ್ಮು ರಜದಲ್ಲಿದ್ದಾರೆ, ಬರ್ಲಿ."

ನಮ್ಮ ನರ್ಸುಗಳ ಮೇಲ್ವಿಚಾರಕಿ ಮೇಡಮ್ಮು ರಜದಲ್ಲಿರಲಿಲ್ಲ. ಫಾರಂ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಸಹಿ ಮಾತ್ರ ಬಾಕಿ. ಮುಂದಿನ ವಾರ ಮಾಡೋಣ ಎಂದುಕೊಂಡೆ. ಆ ಹೊತ್ತಿಗೆ ನಮ್ಮ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿದ್ದ ಮೈಸೂರಿನ ಕಡೆಯ ಒಬ್ಬರ ಜೊತೆ ನನಗೆ ಮಾತು ಬೆಳೆದಿತ್ತು. ಅವರು ಮುಂದೆ ನನ್ನ ಗಂಡನಾದರು. ಈಗ ಊರು ಬಿಟ್ಟರೆ ಅದು ಮುರಿದು ಹೋಗುತ್ತದೆ ಎಂದು ಹೆದರಿದೆ. ಹನ್ನೆರಡು ಗಂಟೆಯ ದಾರಿ ನಡುವೆ ಇದ್ದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು, ನನ್ನ ವಿಷಯಕ್ಕೆ ಬಂದಾಗ. ಗೆಳತಿ ಫೋನಿನಲ್ಲಿ ಕೇಳಿದಳು. ಮೇಡಮ್ಮು ಒಪ್ಪುತ್ತಿಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ. ನನಗೆ ಸಂಕಟವಾಗಬಾರದು ಎಂದು ಕೇಳಲಿಲ್ಲ.

ಮುಂದಿನ ಹಬ್ಬದ ರಜೆಯ ನಂತರ ಅವಳು ಬಸುರಿಯಾದಳು. ಆಗ ಅವಳ ಮುಖ ನೋಡಬೇಕಿತ್ತು. "ಈಗ ಟ್ರಾನ್ಸ್‌ಫರ್ ಗಿನ್ಸ್‌ಫರ್ ಏನೂ ಬ್ಯಾಡ, ಏಳ್ ತಿಂಗ್ಳಿಗ ನಾನು ಊರ್ಗ ಓಯ್ತೀನಿ" ಎಂದಳು. ನನ್ನ ಎದೆಯಿಂದ ಒಂದು ಭಾರ ಇಳಿದಂತಾಯಿತು. ಫಾರಂ ಹರಿದು ಹಾಕಿದೆ.

ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವಳಿಗೆ ಹೊಟ್ಟೆ ನೋವು ಶುರುವಾಯಿತಂತೆ. ಗಂಡನಿಗೆ ಫೋನ್ ಮಾಡಿದಳು. ಅವನು ಕೆಲಸ ಬಿಟ್ಟು ಸಿಕ್ಕ ಬಸ್ಸು ಹತ್ತಿದ. ಮಧ್ಯಾಹ್ನ ನಾನು ವಾರ್ಡಿನಲ್ಲಿದ್ದಾಗ ಅವನ ಕರೆ ಬಂತು. ಬಸ್ಸು ಯಾವುದೋ ಪೆಟ್ರೋಲ್ ಬಂಕಿನಲ್ಲಿ ನಿಂತಿತ್ತು.

"ಅಕ್ಕ, ಅವಳು ಫೋನ್ ತಗೀತಾ ಇಲ್ಲ. ನೀವ್ ಒಸಿ ವಿಚಾರ್ಸಿ ಏಳ್ತೀರಾ?"

ನಾನು ಸಲಾಲಾದ ಹೆರಿಗೆ ವಾರ್ಡಿಗೆ ಫೋನ್ ಮಾಡಿದೆ. ಅಲ್ಲಿನ ನರ್ಸು ನಾವು ನರ್ಸುಗಳು ನಮ್ಮೊಳಗೆ ಮಾತಾಡುವ ರೀತಿಯಲ್ಲಿ, ಎರಡೇ ವಾಕ್ಯದಲ್ಲಿ ಹೇಳಿದಳು. ಮಗು ಉಳಿದಿರಲಿಲ್ಲ. ಗಂಡು. ತಾಯಿಗೆ ರಕ್ತ ಕೊಡುತ್ತಿದ್ದಾರೆ, ಪ್ರಾಣಕ್ಕೆ ಅಪಾಯವಿಲ್ಲ, ಜೊತೆಗೆ ಯಾರೂ ಇಲ್ಲ ಎಂದಳು.

ಅವನು ಮತ್ತೆ ಫೋನ್ ಮಾಡಿದ. ಇನ್ನೂ ಆರು ಗಂಟೆಯ ದಾರಿ ಇತ್ತು ಅವನಿಗೆ. ಗೊತ್ತಿಲ್ಲದವರ ಮಧ್ಯೆ ಆ ಸೀಟಿನಲ್ಲಿ ಕೂತು ಈ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಾನೆ ಎಂದು, "ಅವಳು ಚೆನ್ನಾಗಿದಾಳೆ, ಮಲಗಿಸಿದ್ದಾರೆ, ನೀವು ನಿಧಾನಕ್ಕೆ ಹೋಗಿ" ಎಂದೆ. ಅವನು "ನಿಮ್ ಪುಣ್ಯ ಅಕ್ಕ" ಎಂದ. ಅವನು ಆಸ್ಪತ್ರೆ ಮುಟ್ಟಿದಾಗ ಸಂಜೆಯಾಗಿತ್ತು, ಮಗುವನ್ನು ಆಗಲೇ ತೆಗೆದುಕೊಂಡು ಹೋಗಿದ್ದರು. ಅಷ್ಟು ಹೊತ್ತೂ ಅವಳು ಒಬ್ಬಳೇ ಇದ್ದಳು.

ನಾನು ನರ್ಸು. ಅಂಥ ಗರ್ಭ ಮಸ್ಕತ್‌ನಲ್ಲಿದ್ದಿದ್ದರೂ ನಿಲ್ಲುತ್ತಿರಲಿಲ್ಲವೆಂದು ನನಗೆ ಗೊತ್ತು. ಕೇಸ್ ಪೇಪರನ್ನು ಆಮೇಲೆ ತರಿಸಿಕೊಂಡು ಓದಿದ್ದೇನೆ. ಯಾವ ಡಾಕ್ಟರೂ ನನ್ನನ್ನು ದೂರುವುದಿಲ್ಲ. ಆದರೆ ಮಸ್ಕತ್‌ನಲ್ಲಿದ್ದಿದ್ದರೆ ಅರ್ಧ ಗಂಟೆಯಲ್ಲಿ ಅವಳ ಗಂಡ ಬಂದು ಕೈ ಹಿಡಿದುಕೊಂಡು ಕೂರುತ್ತಿದ್ದ. ಮಗುವನ್ನು ಒಂದು ಸಲವಾದರೂ ಅವನು ನೋಡುತ್ತಿದ್ದ. ಈ ಎರಡನ್ನು ನಾನು ಅವರಿಂದ ತೆಗೆದುಕೊಂಡೆ. ಇದಕ್ಕೆ ಉತ್ತರ ಯಾವ ಕೇಸ್ ಪೇಪರಿನಲ್ಲೂ ಇಲ್ಲ.

ಅವಳು ಒಪ್ಪಂದ ಮುಗಿಯುವವರೆಗೆ ಹಲ್ಲು ಕಚ್ಚಿಕೊಂಡು ದುಡಿದು ಊರಿಗೆ ವಾಪಸ್ಸು ಬಂದಳು. ವರ್ಷದೊಳಗೆ ಗಂಡನೂ ಬಂದು ಗುಂಡ್ಲುಪೇಟೆಯಲ್ಲಿ ಫ್ರಿಜ್, ಎ.ಸಿ. ರಿಪೇರಿ ಅಂಗಡಿ ಇಟ್ಟ. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ನಾನು ಮಸ್ಕತ್‌ನಲ್ಲೇ ಉಳಿದೆ. ಮದುವೆಯಾಯಿತು, ಮಗಳು ಹುಟ್ಟಿದಳು. ಫೋನ್ ಮಾಡುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಹಬ್ಬಕ್ಕೊಮ್ಮೆ. ಕಡಿಮೆ ಮಾಡಿದವಳು ನಾನೇ.

ಅಲ್ಲಿನ ಕೆಲಸಗಳು ಅಲ್ಲಿನವರಿಗೇ ಎಂದು ಆಗುತ್ತಾ ಬಂದ ಮೇಲೆ ನಾವೂ ಗಂಟು ಮೂಟೆ ಕಟ್ಟಿದೆವು. ಎಲ್ಲಿ ನೆಲೆಸುವುದು ಎಂದು ಮನೆಯಲ್ಲಿ ಮಾತಾಯಿತು. ನನ್ನ ಗಂಡ ಗುಂಡ್ಲುಪೇಟೆ ಎಂದರು. ತಣ್ಣನೆಯ ಗಾಳಿ, ಹೈವೇ ಪಕ್ಕ, ಮೈಸೂರಿಗೂ ಊಟಿಗೂ ಬಸ್ಸು. ಮಸ್ಕತ್‌ನ ಬಿಸಿಲಲ್ಲಿ ಬೆಂದವರಿಗೆ ಅದು ಆಸೆಯ ಊರು. ನಾನು ಬೇಡ ಎಂದೆ. "ಚಾಮರಾಜನಗರದಲ್ಲಿ ನನಗೆ ಕೆಲಸ ಸಿಗ್ತದೆ, ನಮ್ಮೂರು ಹತ್ತಿರ" ಎಂದೆ.

"ಮಸ್ಕತ್‌ನಲ್ಲಿದ್ದಾಗ ಊರು ದೂರ ಇರ್ಲಿ ಅಂತಿದ್ದವಳು ನೀನೇ ಅಲ್ವಾ?" ಎಂದು ಅವರು ನಕ್ಕರು.

ಗುಂಡ್ಲುಪೇಟೆಯ ಬೀದಿಯಲ್ಲಿ ದಿನಾ ಅವಳ ಎದುರಿಗೆ ಬೀಳುವ ಧೈರ್ಯ ನನಗಿಲ್ಲ ಎಂದು ಅವರಿಗೆ ಹೇಳಲಿಲ್ಲ. ಚಾಮರಾಜನಗರದಲ್ಲಿ ಮನೆ ಮಾಡಿದೆವು. ನಾನು ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸೇರಿದೆ.

ಸೇರಿ ಎರಡು ತಿಂಗಳಾಗಿರಬೇಕು. ಬದನಗುಪ್ಪೆಯ ಕಾರ್ಖಾನೆಯೊಂದರಿಂದ ಬೆರಳು ಜಜ್ಜಿಹೋದ ಹುಡುಗಿಯೊಬ್ಬಳನ್ನು ಮಧ್ಯಾಹ್ನ ಕರೆತಂದರು. ಅವಳ ಕೈಯನ್ನು ಮೇಲೆತ್ತಿ ಹಿಡಿದು, ಬಟ್ಟೆ ಒತ್ತಿಕೊಂಡು ಜೊತೆಗೆ ಬಂದಿದ್ದವಳು ನನ್ನ ಗೆಳತಿ. ಅಲ್ಲಿನ ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ಅವಳು ನರ್ಸ್ ಆಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದವಳೇ, "ಅಯ್ಯೋ ಅಮ್ಮಿ! ಯಾವಾಗ್ ಬಂದೆ? ಒಂದ್ ಫೋನ್ ಮಾಡಕಾಗ್ನಿಲ್ವಾ?" ಎಂದಳು. ನಾನು ಆ ಹುಡುಗಿಗೆ ಡ್ರಿಪ್ ಹಾಕಬೇಕಿತ್ತು. ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. "ಸರಿ ಅತ್ಲಾಗ" ಎಂದು ಅವಳೇ ಹಾಕಿದಳು.

ಅಲ್ಲಿಂದಾಚೆಗೆ ನಮ್ಮ ಮನೆಗೆ ಬರತೊಡಗಿದಳು. ನನ್ನ ಮಗಳಿಗೆ ಜಡೆ ಹಾಕುತ್ತಿದ್ದಳು, ಅವಳ ಜೊತೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಒಂದು ಸಲ ಮಗಳು, "ಆಂಟಿ, ನಿಮ್ಗೆ ಪಾಪು ಇಲ್ವಾ?" ಎಂದು ಕೇಳಿದಳು. "ಇತ್ತು ಕಣವ್ವ, ಓಗ್ಬುಡ್ತು" ಎಂದಳು, ಪೆನ್ಸಿಲ್ ಬಣ್ಣ ಗೆರೆ ದಾಟದಂತೆ ತುಂಬುತ್ತಾ. ಎಲ್ಲವನ್ನೂ ಅವಳಿಗೆ ಹೇಳಿಬಿಡಬೇಕು ಎಂದು ಅವತ್ತು ನಿಶ್ಚಯ ಮಾಡಿದೆ.

ಮುಂದಿನ ಭಾನುವಾರ ಅವಳು ಹಂಗಳಕ್ಕೆ, ತವರಿನ ಹೊಲಕ್ಕೆ ಚೆಂಡುಹೂ ಕುಯ್ಯಲು ಹೋಗಿದ್ದಳು. ನಾನೂ ಬಸ್ಸು ಹತ್ತಿ ಹೋದೆ. ರಸ್ತೆ ಬದಿಯ ಹೊಲಗಳಲ್ಲಿ ಕಾರು ನಿಲ್ಲಿಸಿ ಹೂವಿನ ಮಧ್ಯೆ ಫೋಟೋ ತೆಗೆಸಿಕೊಳ್ಳುವವರ ಗದ್ದಲ. ಅವಳ ಹೊಲ ಒಳಗಿತ್ತು, ಅಲ್ಲಿ ಯಾರೂ ಇರಲಿಲ್ಲ. ನಾನೂ ಒಂದು ಸಾಲು ಹಿಡಿದು ಹೂ ಕುಯ್ಯುತ್ತಾ ಹೇಳಿದೆ. ಚೇಚಿಯ ಮನೆಯ ಫೋನು, ನಾನು ಕೊಟ್ಟ ಉತ್ತರ, ಆಮೇಲಿನ ಸುಳ್ಳುಗಳು. ಅವಳು ತಲೆ ಎತ್ತದೆ ಕುಯ್ಯುತ್ತಲೇ ಇದ್ದಳು. ಮುಗಿದ ಮೇಲೆ ಕೈ ನಿಲ್ಲಿಸಿದಳು.

"ಫಾರಂ?"

"ಅದ್ನೂ ಕೊಡ್ನಿಲ್ಲ. ಮೇಡಮ್ಮು ಬ್ಯಾಡ ಅಂದಿರ್ನಿಲ್ಲ. ನಾನೇ ಸೈನ್ ಆಕ್ನಿಲ್ಲ."

ಅವಳು ಬದುವಿನ ಮೇಲೆ ಹೋಗಿ ಕೂತಳು. ಹಳದಿಯಾಗಿದ್ದ ಬೆರಳುಗಳನ್ನು ಒಂದೊಂದಾಗಿ ಸೀರೆಗೆ ಒರೆಸಿಕೊಂಡಳು. ನಾನು ಬೈಗಳಿಗೆ ಸಿದ್ಧವಾಗಿದ್ದೆ. ಎಲ್ಲೋ ಒಂದು ಮೂಲೆಯಲ್ಲಿ, ಓಗ್ಲಿ ಬುಡು ಎಂದುಬಿಡುತ್ತಾಳೇನೋ ಎಂಬ ಆಸೆಯೂ ಇತ್ತು.

"ಈಗ್ ಯಾಕಮ್ಮಿ ಏಳ್ದೆ?" ಎಂದಳು ಕೊನೆಗೆ.

"ಒಟ್ಟೇಲಿ ಇಟ್ಕಂಡು ಇರಕ ಆಯ್ತಿರ್ನಿಲ್ಲ."

"ನಿಂಗ ಇಟ್ಕಳಕ ಆಗ್ನಿಲ್ಲ ಅಂತ ನಂಗ ತಂದ್ ಕೊಟ್ಟ್ಯಾ?" ಅವಳ ದನಿ ಏರಲಿಲ್ಲ. "ಇಷ್ಟ್ ವರ್ಸ ಅದು ನಮ್ ಅಣೆಬರ ಅಂದ್ಕಂಡಿದ್ದೆ. ಅಣೆಬರದ ಮ್ಯಾಲ ಕ್ವಾಪ ಮಾಡ್ಕಳಕ ಆಯ್ತದಾ? ಅದ್ಕೇ ಸುಮ್ನಾಗ್ಬುಟ್ಟೆ. ನಮ್ಮವ್ರೂ ಸುಮ್ನಾದ್ರು. ಈಗ ಆ ಆಸ್ಪತ್ರೆ ಗ್ಯಾಪ್ನ ಬಂದಾಗೆಲ್ಲ ನಿನ್ ಮೊಕ ಬತ್ತದ."

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

"ನಿಮ್ಮನೇಲಿ ಲೋಟ ಬ್ಯಾರೆ ಇಟ್ಟಾಗ ನಂಗ ಬ್ಯಾಜಾರಾಗಿರ್ನಿಲ್ಲ ಅಂತ ತಿಳ್ಕಂಡಿದ್ದಾ? ಆಗಿತ್ತು. ಅವ್ವ ಮಾಡುದ್ದು, ಇವಳಲ್ಲ ಅಂದ್ಕಂಡು ನಿನ್ನ ಬುಟ್ಟಿದ್ದೆ." ಎದ್ದು ಹೂವಿನ ಮೂಟೆಯ ಬಾಯಿ ಕಟ್ಟಿದಳು. "ನಮ್ಮವ್ರಿಗ ಮಾತ್ರ ಏಳ್ಬ್ಯಾಡ. ಅವ್ರು ಒಂದ್ ದಾರಿಗ ಬರಕ ಬೋ ದಿನ ಇಡುದ್ಬುಡ್ತು. ಓಗು, ಬಸ್ ಬತ್ತದ."

ಬಸ್ ನಿಲ್ದಾಣದವರೆಗೆ ಅವಳು ಬರಲಿಲ್ಲ. ಮೊದಲಾಗಿದ್ದರೆ ಬಸ್ಸು ಹೊರಟು ಮರೆಯಾಗುವವರೆಗೂ ನಿಲ್ಲುತ್ತಿದ್ದಳು.

ಅದಾಗಿ ಒಂದು ವರ್ಷ ದಾಟಿತು. ಅವಳು ನಮ್ಮ ಮನೆಗೆ ಬಂದಿಲ್ಲ. ಕಾರ್ಖಾನೆಯಿಂದ ಪೆಟ್ಟಾದವರನ್ನು ಕರೆತಂದಾಗ ಒಂದೆರಡು ಸಲ ಆಸ್ಪತ್ರೆಯಲ್ಲಿ ಎದುರಾಗಿದ್ದಾಳೆ. ಏನಾಯಿತು, ಯಾವ ಇಂಜೆಕ್ಷನ್ ಕೊಟ್ಟಿದ್ದೇನೆ ಎಂದು ಚೀಟಿ ನೋಡಿ ಸರಿಯಾಗಿ ಹೇಳುತ್ತಾಳೆ. ನನ್ನನ್ನು ಸಿಸ್ಟರ್ ಎನ್ನುತ್ತಾಳೆ. ಮಗಳು ಮೊದಮೊದಲು ಆಂಟಿ ಯಾಕೆ ಬರುವುದಿಲ್ಲ ಎಂದು ಕೇಳುತ್ತಿದ್ದಳು. ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಹೇಳಿದ್ದು ಸರಿಯೋ ಹೇಳದಿದ್ದರೆ ಸರಿಯಿತ್ತೋ ನನಗೆ ಇವತ್ತಿಗೂ ತಿಳಿಯದು. ಹೇಳಿದ್ದರಿಂದ ನನ್ನ ಎದೆ ಹಗುರವೇನೂ ಆಗಲಿಲ್ಲ. ಅವಳ ಬಾಳಿನಲ್ಲಿ ಹೇಗೋ ಕೂಡಿಕೊಂಡಿದ್ದ ಒಂದು ಸಮಾಧಾನವನ್ನು ಕದಡಿದ್ದು ಮಾತ್ರ ನಿಜ.

ಹೋದ ತಿಂಗಳು ನಮ್ಮ ಆಸ್ಪತ್ರೆಯ ಔಷಧ ಇಡುವ ಫ್ರಿಜ್ ಕೆಟ್ಟಿತ್ತು. ಅದನ್ನು ನೋಡಲು ಗುಂಡ್ಲುಪೇಟೆಯಿಂದ ಬಂದವನು ಅವಳ ಗಂಡ. ಕೆಲಸ ಮುಗಿಸಿ, ಕೈ ತೊಳೆದುಕೊಂಡು, ನನ್ನ ಮೇಜಿನ ಹತ್ತಿರ ಬಂದು ನಿಂತ. ಅದೇ ಮೆತ್ತನೆಯ ದನಿ.

"ಯಾಕಕ್ಕ, ನಮ್ಮನೆ ಕಡೀಕ ತಲೇನೇ ಆಕಿಲ್ಲ ನೀವು? ಇವಳ್ನ ಕೇಳುದ್ರ, ಅವ್ರ್ಗ ಪುರ್ಸೊತ್ತಿಲ್ಲ ಅಂತಳ. ಅವತ್ತು ಬಸ್ನಲ್ಲಿ ನಿಮ್ ಮಾತ್ ಕೇಳಿ ನಾನು ಜೀವ ಇಡ್ಕಂಡು ಓದೆ ಅಕ್ಕ. ಮರ್ತಿಲ್ಲ. ಒಂದ್ ದಪ ಊಟಕ್ಕ ಬನ್ನಿ."

"ಡ್ಯೂಟಿ ಜಾಸ್ತಿ ಇತ್ತು" ಎಂದೆ. "ಬರ್ತೀನಿ."

ಅವನು ನಂಬಿದ. ಬೈಕಿಗೆ ಸಾಮಾನಿನ ಚೀಲ ಕಟ್ಟಿ, ಕೈ ಮುಗಿದು ಹೋದ. ಅವನಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಇದು ಎಷ್ಟನೆಯದೋ.